ಕೆಂಪು ದಾರದ ಹ್ಯಾಮ್

ಕ್ರಿಸ್ಮಸ್ಸಿಗೆ ಮುಂಚಿನ ಶನಿವಾರ ಲಿಯೋನಿ ಜಾಂಡರ್ ಅಡಿಲೇಡಿಗೆ ಹೊರಟಳೆಂದರೆ ಅವಳ ವ್ಯಾನಿನ ಜೊತೆ ಹೊಗೆಯ ವಾಸನೆಯೂ ಪೇಟೆಗೆ ಹೊರಟಿತೆಂದೇ ಲೆಕ್ಕ. ಬರೋಸಾ ಕಣಿವೆಯ ಅವರ ಹಿತ್ತಲಿನಲ್ಲಿ ಒಂದು ಹೊಗೆಮನೆ ಇದೆ. ಗಂಡ ಮರ್ವಿನ್ ಅಲ್ಲಿ ಗಮ್ ಎಂಬ ನೀಲಗಿರಿ ಜಾತಿಯ ಮರದ ಕೊರಡು ಉರಿಸಿ, ಉಪ್ಪುನೀರಲ್ಲಿ ನೆನೆದ ಹಂದಿತೊಡೆಗಳನ್ನು ಕಪ್ಪುಗೆಂಪು ಹ್ಯಾಮ್ ಮಾಡುತ್ತಾನೆ. ಮಾರುವುದು ಇವಳ ಕೆಲಸ. ಮರ್ವಿನ್‌ನನ್ನು ನಾಲ್ಕು ಜನರ ಮುಂದೆ ನಿಲ್ಲಿಸಿದರೆ ಬೆವರುತ್ತಾನೆ. ಲಿಯೋನಿಯದೋ, ಅವನ ಪಾಲಿನ ಮಾತನ್ನೂ ತಾನೇ ಆಡಿ ಮುಗಿಸುವ ಬಾಯಿ.

ಪೇಟೆಯ ಪ್ರಾಸ್ಪೆಕ್ಟ್ ಬಡಾವಣೆಯ ಚರ್ಚಿನ ಪಕ್ಕದ ಖಾಲಿ ಜಾಗದಲ್ಲಿ ವ್ಯಾನ್ ನಿಲ್ಲುವ ಹೊತ್ತಿಗೆ ಅಲ್ಲಿಯ ಡಿಸೆಂಬರ್ ಬೇಸಿಗೆಯ ಬಿಸಿಲು ನೆತ್ತಿ ಸುಡುತ್ತಿತ್ತು. ಗಿರಾಕಿಗಳು ಟೋಪಿ ಹಾಕಿಕೊಂಡು, ಹೋದ ವರ್ಷದ ಹ್ಯಾಮ್ ಚೀಲವನ್ನು ಒಗೆದು ಇಸ್ತ್ರಿ ಮಾಡಿ ತಂದಿದ್ದರು. ಆ ಬಟ್ಟೆಯ ಚೀಲವನ್ನು ವಿನಿಗರ್ ನೀರಲ್ಲಿ ಅದ್ದಿ ಹಿಂಡಿ, ಅದರೊಳಗೆ ಹ್ಯಾಮ್ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಹೊಸ ವರ್ಷ ಕಳೆದರೂ ಕೆಡುವುದಿಲ್ಲ. ಲಿಯೋನಿಯ ಹತ್ತಿರ ವ್ಯವಹಾರವೆಂದರೆ ಅವರವರ ಚೀಲಕ್ಕೆ ಅವರವರ ಹ್ಯಾಮ್. ಚೀಲದ ಬಾಯಿ ಕಟ್ಟಿದ ಮೇಲೆ ಒಳಗಿರುವುದನ್ನು ಯಾರೂ ಇಣುಕಿ ನೋಡುವುದಿಲ್ಲ.

ಡ್ಯಾರಿಲ್ ಪ್ಯಾಸ್ಕೋ ಸಾಲಿನ ಕೊನೆಗೆ ಬಂದ. ಪೈಪು ರಿಪೇರಿ ಮಾಡುವವನು, ಮೂರು ಮಕ್ಕಳ ತಂದೆ.

"ಏನಮ್ಮ ಲಿಯೋನಿ, ಈ ಸಲ ಹಂದಿ ದಪ್ಪಗಾಗಿದೆಯೋ, ನೀನೋ?"

"ನಿನ್ನ ಹೊಟ್ಟೆ ಮುಂದೆ ನಾವಿಬ್ಬರೂ ಬಡಕಲು ಕಣಯ್ಯ! ಕ್ರಿಸ್ಮಸ್‌ವರೆಗೂ ಮುಟ್ಟಬೇಡ, ಕೇಳಿಸ್ತಾ?"

"ಅಷ್ಟು ದಿನ ಯಾರು ಕಾಯ್ತಾರೆ? ಇವತ್ತು ಸಂಜೇನೇ ಚಾಕು ಹಾಕೋದು!"

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತಲೇ ಕೈಗೆ ಸಿಕ್ಕ ಹ್ಯಾಮನ್ನು ಅವನ ಚೀಲಕ್ಕೆ ತುಂಬಿ ಕಟ್ಟಿಕೊಟ್ಟಳು. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಅನ್ನುವುದು ಸುಮ್ಮನಲ್ಲ.

ಆಮೇಲೆ ಮನೆಮನೆಗೆ ಕೊಡುತ್ತ ಹೋಗಿ ಸಂಜೆಯ ಹೊತ್ತಿಗೆ ಉಳಿದ ಕಡೆಯ ಮನೆ ಕ್ಲೆಮ್‌ಜಿಗ್ ಬಡಾವಣೆಯ ಎರ್ನಾ ಲಿಂಡ್ನರ್ ಮುದುಕಿಯದು. ಅವಳಿಗೆ ಮಾತ್ರ ಬೇಯಿಸದ ಹ್ಯಾಮ್ ಬೇಕು. ಹೊಗೆ ಕುಡಿದಿರಬೇಕು, ಬೆಂದಿರಬಾರದು. ಅದನ್ನು ರೈ ಧಾನ್ಯದ ಹಿಟ್ಟಿನ ಕಣಕದಲ್ಲಿ ಮುಚ್ಚಿ ಒಲೆಯಲ್ಲಿ ಸುಡುವುದು ಅವಳ ಅಜ್ಜಿಯ ಕಾಲದ ಪದ್ಧತಿ. ಹೊರಗಿನಿಂದ ನೋಡಿದರೆ ಬೆಂದದ್ದೂ ಬೇಯದ್ದೂ ಒಂದೇ ಬಣ್ಣ. ಅದಕ್ಕೇ ಮರ್ವಿನ್ ಬೆಂದದ್ದಕ್ಕೆ ಬಿಳಿ ದಾರ, ಹಸಿಯದಕ್ಕೆ ಕೆಂಪು ದಾರ ಕಟ್ಟುತ್ತಾನೆ. ವ್ಯಾನಿನಲ್ಲಿ ಉಳಿದಿದ್ದ ಕೊನೆಯದನ್ನು ಲಿಯೋನಿ ತಂದು ಮೇಜಿನ ಮೇಲಿಟ್ಟಳು. ಮುದುಕಿ ದಾರ ನೋಡಲಿಲ್ಲ, ಹೆಬ್ಬೆರಳಲ್ಲಿ ಒತ್ತಿದಳು.

"ಇದು ಬೆಂದಿದೆಯಲ್ಲೇ!"

ಲಿಯೋನಿ ಬಗ್ಗಿ ನೋಡಿದಳು. ಬಿಳಿ ದಾರ. ಕೆಂಪು ದಾರದ್ದನ್ನು ಬೇರೆಯಾಗಿ ಮುಂದಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಳು; ನಗುವಾಗ ಕೈ ಹೋದದ್ದು ಅದೇ ಪೆಟ್ಟಿಗೆಗೆ.

"ಅಯ್ಯೋ ಎರ್ನಾ ಆಂಟಿ, ನಿಮ್ಮದು ಡ್ಯಾರಿಲ್‌ಗೆ ಹೋಯ್ತು! ಸಂಜೇನೇ ಕತ್ತರಿಸ್ತೀನಿ ಅಂದಿದ್ದ. ಹಾಗೇ ತಣ್ಣಗೆ ತಿಂದುಬಿಟ್ರೆ? ಮಕ್ಕಳ ಹೊಟ್ಟೆಗೆ ಹಸಿ ಹಂದಿ ಹೋದ್ರೆ?"

ಡ್ಯಾರಿಲ್‌ಗೆ ಮಾಡಿದ ಫೋನು ರಿಂಗಾಗಿ ರಿಂಗಾಗಿ ನಿಂತಿತು. ಇನ್ನೊಂದು ಸಲ ಮಾಡಿದಳು. ಯಾರೂ ಎತ್ತಲಿಲ್ಲ.

"ನಡಿ, ನಾನೂ ಬರ್ತೀನಿ," ಎಂದಳು ಮುದುಕಿ, ಕಣಕದ ದೊಡ್ಡ ಪಾತ್ರೆ ಎತ್ತಿಕೊಂಡು.

"ಅದ್ಯಾಕೆ ಆಂಟಿ ಹಿಟ್ಟು?"

"ಈ ಸೆಕೆಗೆ ಮನೇಲಿ ಬಿಟ್ರೆ ಉಬ್ಬಿ ಪಾತ್ರೆ ದಾಟಿ ಬೀದಿಗೆ ಬರತ್ತೆ. ಸುಮ್ನೆ ಓಡಿಸು."

ದಾರಿಯುದ್ದಕ್ಕೂ ಮುದುಕಿಯ ತೊಡೆಯ ಮೇಲೆ ಹಿಟ್ಟು ನಿಧಾನವಾಗಿ ಉಬ್ಬುತ್ತಿತ್ತು. ಸಿಗ್ನಲ್ಲಿನ ಕೆಂಪು ದೀಪಗಳೆಲ್ಲ ಲಿಯೋನಿಗಾಗಿಯೇ ಕಾದು ಕೂತಂತಿದ್ದವು. ಮರ್ವಿನ್ ಹಗಲೂ ಇರುಳೂ ಹೊಗೆ ಕುಡಿದು ಗಳಿಸಿದ ಹೆಸರನ್ನು ತಾನು ಒಂದು ನಗೆಯಲ್ಲಿ ಕಳೆದೆನಲ್ಲ ಎಂದು ತನ್ನನ್ನೇ ಬೈದುಕೊಂಡಳು. ಹೆಸರು ಹಾಳಾಗಲಿ, ಆ ಮೂರು ಮಕ್ಕಳು!

ಪ್ಯಾಸ್ಕೋ ಮನೆಯ ಬಾಗಿಲು ತಟ್ಟಿದರೆ ಉತ್ತರವಿಲ್ಲ. ಹಿತ್ತಲಿನಿಂದ ಗಲಾಟೆ ಕೇಳಿಸುತ್ತಿತ್ತು. ಬೇಲಿಯ ಗೇಟು ತಳ್ಳಿಕೊಂಡು ಇಬ್ಬರೂ ಒಳಗೆ ನುಗ್ಗಿದರು.

"ಡ್ಯಾರಿಲ್! ತಿನ್ನಬೇಡ! ಕೆಳಗಿಡು!"

ಈಜುಕೊಳದಲ್ಲಿದ್ದ ಮಕ್ಕಳೂ ಅಕ್ಕಪಕ್ಕದ ಮನೆಯವರೂ ತಿರುಗಿ ನೋಡಿದರು. ಡ್ಯಾರಿಲ್ ಇಕ್ಕಳ ಹಿಡಿದು ಬಾರ್ಬೆಕ್ಯೂ ಒಲೆಯ ಮುಚ್ಚಳ ಎತ್ತಿದ. ಒಳಗೆ ಹ್ಯಾಮ್ ಜೇನು ಸವರಿಸಿಕೊಂಡು, ಕೊಬ್ಬು ಚಟಪಟ ಸಿಡಿಸುತ್ತ ಹೊಂಬಣ್ಣಕ್ಕೆ ಬರುತ್ತಿತ್ತು.

"ಹೆದರಬೇಡಮ್ಮ. ತಂದ ಕೂಡಲೇ ಒಂದು ಚೂರು ಕತ್ತರಿಸಿದೆ, ಒಳಗೆ ಹಸಿಹಸಿ. ಬಾಯಿಗೆ ಹಾಕ್ಲಿಲ್ಲ, ಒಲೆಗೆ ಹಾಕಿದೆ. ಇಷ್ಟು ದೊಡ್ಡದು ಬೆಂದಮೇಲೆ ಬೀದಿಯವರನ್ನ ಕರೀದೆ ಇರೋಕಾಗತ್ತಾ?"

"ನಂಗೊಂದು ಫೋನ್ ಮಾಡಬಾರದಿತ್ತೇನೋ!"

"ಹಬ್ಬದ ಹೊತ್ತಲ್ಲಿ ಗೊತ್ತಾದ್ರೆ ಸುಮ್ನೆ ಕೊರಗ್ತೀಯ ಅಂತ ಮಾಡ್ಲಿಲ್ಲ."

ಲಿಯೋನಿ ಅಲ್ಲೇ ಹುಲ್ಲಿನ ಮೇಲೆ ಕುಸಿದು ಕೂತಳು. ಎರ್ನಾ ಮಾತ್ರ ಸೊಂಟಕ್ಕೆ ಕೈಯಿಟ್ಟು ಒಲೆಯ ಮುಂದೆ ನಿಂತಳು.

"ನನ್ನ ಹ್ಯಾಮ್ ಕಣೋ ಅದು!"

"ಹಾಗಾದ್ರೆ ಮೊದಲ ತುಂಡು ನಿಮಗೇ ಅಜ್ಜಿ."

"ಹೊಗೆಮನೇಲಿ ಇನ್ನೊಂದು ಹಸೀದು ನೇತಾಡ್ತಿದೆ ಆಂಟಿ," ಎಂದಳು ಲಿಯೋನಿ. "ನಾಳೆ ನಾನೇ ತಂದುಕೊಡ್ತೀನಿ. ಡ್ಯಾರಿಲ್, ನಿನ್ನ ಬೆಂದಿದ್ದು ವ್ಯಾನಲ್ಲಿದೆ, ತಗೋ."

ಮುದುಕಿ ಗೊಣಗುತ್ತ ಪಾತ್ರೆಯಿಂದ ಕಣಕ ಹರಿದು, ಅಂಗೈಯಲ್ಲಿ ತಟ್ಟಿ, ಒಲೆಯ ಬಿಸಿ ತಗಡಿನ ಮೇಲೆ ಹಾಕತೊಡಗಿದಳು. ಉಬ್ಬಿದ ಹಿಟ್ಟನ್ನು ವಾಪಸು ಒಯ್ಯುವುದು ಅವಳ ಜಾಯಮಾನವಲ್ಲ. ರೊಟ್ಟಿ ಸುಟ್ಟ ವಾಸನೆಗೆ ಕೊಳದ ಮಕ್ಕಳು ಒದ್ದೆ ಚಡ್ಡಿಯಲ್ಲೇ ಓಡಿಬಂದರು. ಬಿಸಿ ರೊಟ್ಟಿಯೊಳಗೆ ಹ್ಯಾಮ್ ಸುತ್ತಿ, ಗಲ್ಲಕ್ಕೆ ಜಿಡ್ಡು ಬಳಿದುಕೊಂಡು, ಒಬ್ಬರ ಕೈಯಿಂದ ಒಬ್ಬರು ಕಿತ್ತು ತಿಂದರು. ಪಕ್ಕದ ಮನೆಯ ಯಜಮಾನರು ಮೂಳೆಯನ್ನೇ ಹಿಡಿದು ಚೀಪುತ್ತ ಕಣ್ಣು ಮುಚ್ಚಿದ್ದರು.

ಲಿಯೋನಿಯ ಕೈಗೂ ಒಂದು ರೊಟ್ಟಿ ಬಂತು. ಹಬ್ಬದ ಹೊತ್ತಿಗೆ ಹೊಗೆಯ ವಾಸನೆಯೇ ಸಾಕಾಗಿ ಅವಳೂ ಮರ್ವಿನ್‌ನೂ ಹ್ಯಾಮ್ ಮುಟ್ಟದೆ ಮೀನು ಕರಿದು ತಿನ್ನುವವರು. ಒಂದು ತುತ್ತು ತಿಂದಳು. ಎದುರಿಗೆ ಕೂತಿದ್ದ ಚಿಕ್ಕ ಹುಡುಗಿ ಬೆರಳು ಬೆರಳೂ ನೆಕ್ಕುವುದನ್ನೇ ನೋಡಿದಳು. ಅವಳ ಕಣ್ಣು ತುಂಬಿತು.

"ಏನಾಯ್ತಮ್ಮ, ಉಪ್ಪು ಜಾಸ್ತಿನಾ?" ಎಂದ ಡ್ಯಾರಿಲ್ ಗಾಬರಿಯಾಗಿ.

"ಇಲ್ಲ ಕಣೋ. ನಾವು ಮಾಡೋದು ಇಷ್ಟು ಚೆನ್ನಾಗಿರತ್ತೆ ಅಂತ ನಂಗೆ ಯಾರೂ ಹೇಳಿರ್ಲೇ ಇಲ್ಲ."

"ವರ್ಷಾ ವರ್ಷಾ ಹೇಳ್ತಾನೇ ಇದ್ವಿ ಕಣೆ," ಎಂದಳು ಎರ್ನಾ, ಇನ್ನೊಂದು ರೊಟ್ಟಿ ಮಗುಚುತ್ತ. "ಅಷ್ಟರಲ್ಲಿ ನೀನು ವ್ಯಾನ್ ಹತ್ತಿ ಹೊರಟುಬಿಟ್ಟಿರ್ತಿದ್ದೆ."