ಬಸಣ್ಣ ಒಯ್ದ ಕಾರ್ಬೊರೇಟರ್

ಬಸಣ್ಣ, ಘಣಸೋಲಿಯ ಅಜ್ಜಿ ನಿಮಗೆ ಮೋಸ ಮಾಡಲಿಲ್ಲ. ಮಾಡಿದವನು ನಾನು.

ಇಷ್ಟನ್ನು ಬರೆಯಲು ನನಗೆ ಮೂರು ವರ್ಷ ಬೇಕಾಯಿತು. ಈ ಮೂರು ವರ್ಷವೂ ನೀವು ಆ ಮುದುಕಿಯನ್ನು ಬಯ್ದಾಗಲೆಲ್ಲ ನಾನು ಪಕ್ಕದಲ್ಲಿ ನಿಂತು ಹೂಂಗುಟ್ಟಿದ್ದೇನೆ. ಒಮ್ಮೊಮ್ಮೆ, ‘ವಯಸ್ಸಾದವರ ಬುದ್ಧಿ ಹಾಗೇ ಬಿಡಿ’ ಎಂದು ನಾನೂ ಒಂದು ಮಾತು ಸೇರಿಸಿದ್ದೇನೆ. ಬಯ್ದ ನೀವು ಮಾತು ಮುಗಿಸಿ ಸ್ಪ್ಯಾನರ್ ಕೈಗೆ ತೆಗೆದುಕೊಂಡು ನನ್ನ ಗಾಡಿಯ ಕೆಳಗೆ ಮಲಗುತ್ತಿದ್ದಿರಿ. ನನ್ನ ಗಾಡಿ — ಹಾಗೆನ್ನಲು ಈಗ ಕೈ ತಡೆಯುತ್ತದೆ.

ನಾವಿಬ್ಬರೂ ಸಿಕ್ಕಿದ್ದು ಸೀವುಡ್ಸ್‌ನಲ್ಲಿ, ಹಳೆಯ ಗಾಡಿಗಳ ಭಾನುವಾರದ ಕೂಟದಲ್ಲಿ. ನಾನು ಠಾಣೆ ನಗರದ ಒಂದು ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಫೈಲು ಹೊತ್ತು ನಿವೃತ್ತನಾದ ಗುಮಾಸ್ತ. ಡೊಂಬಿವಲಿಯಿಂದ ಎರಡು ಲೋಕಲ್ ರೈಲು ಬದಲಿಸಿ ಬರುತ್ತಿದ್ದೆ, ಹೆಗಲಿಗೊಂದು ಬಟ್ಟೆಚೀಲ, ಅದರಲ್ಲಿ ನೀರಿನ ಬಾಟಲಿ. ನೀವು ವಿಠ್ಠಲವಾಡಿಯ ಗ್ಯಾರೇಜಿನ ಮಿಸ್ತ್ರಿ, ವಿಜಾಪುರದ ಕಡೆಯವರು, ಕೆಲಸ ಮಗನ ಕೈಗೆ ಬಿಟ್ಟು ಆರಾಮಾಗಿ ಇದ್ದವರು. ಆ ಕೂಟದಲ್ಲಿ ಗಾಡಿಯಿಲ್ಲದವರು ನಾವಿಬ್ಬರೇ. ಉಳಿದವರೆಲ್ಲ ಬಾನೆಟ್ ತೆರೆದಿಟ್ಟು, ಚಹಾ ಕುಡಿಯುತ್ತ, ಹಲ್ಲುಜ್ಜುವ ಬ್ರಶ್ಶಿನಿಂದ ಜಾಲರಿ ಉಜ್ಜುತ್ತ ಮದುವೆ ಗಂಡುಗಳ ಹಾಗೆ ನಿಂತಿರುತ್ತಿದ್ದರು. ಆದರೂ ನಿಮಗೆ ಅಲ್ಲಿ ಮರ್ಯಾದೆ ಇತ್ತು. ಯಾವ ಗಾಡಿ ಕೆಮ್ಮಿದರೂ ‘ಬಸಣ್ಣಾ’ ಎಂದು ಕೂಗು ಬರುತ್ತಿತ್ತು. ನನ್ನನ್ನು ಕೇಳುತ್ತಿದ್ದುದು ಒಂದೇ ಪ್ರಶ್ನೆ — ‘ಅಂಕಲ್, ಆಪ್ ಕೀ ಗಾಡೀ ಕೌನ್ ಸೀ?’ ನಿಮ್ಮ ಗಾಡಿ ಯಾವುದು ಎಂದು. ನಾನು ನಗುತ್ತಿದ್ದೆ. ಆ ನಗು ನಕ್ಕು ನಕ್ಕು ನನಗೆ ಸಾಕಾಗಿತ್ತು.

ಒಂದು ಭಾನುವಾರ ವಾಪಸ್ಸು ಬರುವ ರೈಲಿನಲ್ಲಿ ನೀವು ನನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದಿರಿ.

“ನಿಮಗಷ್ಟ ಹೇಳಾಕತ್ತೀನ್ರಿ ರಾಯರ. ಘಣಸೋಲಿ ಹಳೇ ಊರಾಗ ಒಂದು ಪದ್ಮಿನಿ ಕಾರು ಮಲಗೈತಿ. ಹದಿನೆಂಟು ವರ್ಷ ಆತು. ಅಜ್ಜಿ ಯಾರಿಗೂ ಕೊಡವಲ್ಲಳು. ನನಗ ಕೊಡ್ತೀನಿ ಅಂದಾಳ.”

ನಮ್ಮ ಕೂಟದಲ್ಲಿ ಒಂದು ನಡವಳಿಕೆಯಿದೆ, ಯಾರೂ ಬರೆದಿಟ್ಟದ್ದಲ್ಲ. ಮಲಗಿದ ಗಾಡಿಯನ್ನು ಮೊದಲು ಕಂಡವನಿಗೇ ಅದರ ಹಕ್ಕು. ಅವನು ಬೇಡವೆನ್ನುವವರೆಗೆ ಇನ್ನೊಬ್ಬ ಆ ಗಲ್ಲಿಗೂ ಕಾಲಿಡುವುದಿಲ್ಲ. ಅದಕ್ಕೇ ಯಾರೂ ಜಾಗದ ಹೆಸರು ಬಾಯಿಬಿಡುವುದಿಲ್ಲ, ಸ್ವಂತ ತಮ್ಮನಿಗೂ. ನೀವು ನನಗೆ ಹೇಳಿದಿರಿ.

ಮರುವಾರ ಕರೆದುಕೊಂಡೂ ಹೋದಿರಿ. ಮೀನಿನ ಬಲೆ, ಒಡೆದ ಹಂಡೆಗಳ ನಡುವೆ ಟಾರ್ಪಾಲು ಹೊದ್ದು ನಿಂತಿತ್ತು ಅದು, ಕೆನೆಬಣ್ಣ. ಅಜ್ಜಿಯ ಗಂಡ ಕೊನೆಯವರೆಗೂ ಓಡಿಸಿದ ಗಾಡಿ. ಆಕೆಯದು ಒಂದೇ ಷರತ್ತು — ಗಾಡಿ ಓಡಬೇಕು, ದಸರೆಯ ದಿನ ಒಮ್ಮೆ ತನ್ನ ಬಾಗಿಲಿಗೆ ಬಂದು ನಿಲ್ಲಬೇಕು. ನೀವು ಪ್ರತಿ ಗುರುವಾರ ಹೋಗಿ, ಪ್ಲಗ್ ಬಿಚ್ಚಿ ಒಂದೊಂದು ಚಮಚ ಎಣ್ಣೆ ಬಿಟ್ಟು, ಹ್ಯಾಂಡಲ್ ಹಾಕಿ ಎಂಜಿನನ್ನು ನಾಲ್ಕು ಸುತ್ತು ತಿರುಗಿಸಿ ಬರುತ್ತಿದ್ದಿರಿ. ಬಾನೆಟ್ ಎತ್ತುವ ಮೊದಲು ಅದರ ಮೇಲೆ ಅಂಗೈ ಇಟ್ಟು “ಏಳ್ರಿ ಅವ್ವಾ” ಎನ್ನುತ್ತಿದ್ದಿರಿ. ಅಜ್ಜಿಗೆ ಕನ್ನಡ ಬಾರದು, ಆದರೆ ಆ ಮಾತು ಕೇಳಿ ಪ್ರತಿ ಸಲವೂ ನಗುತ್ತಿದ್ದಳು.

ಆಮೇಲೆ ಮಗಳ ಹೆರಿಗೆಯೆಂದು ನೀವು ಊರಿಗೆ ಹೊರಟಿರಿ. ಒಂದೂವರೆ ತಿಂಗಳು. ಹೊರಡುವ ಮೊದಲು ಗಾಡಿಯ ಕಾರ್ಬೊರೇಟರ್ ಬಿಚ್ಚಿ, ಬಿಳಿ ಬಟ್ಟೆಯಲ್ಲಿ ಸುತ್ತಿ ವಿಠ್ಠಲವಾಡಿಗೆ ಒಯ್ದಿರಿ — ಬಂದ ಮೇಲೆ ನಿಮ್ಮ ಕೈಯಾರೆ ತೊಳೆಯಬೇಕೆಂದು. ಅಜ್ಜಿಗೆ ಅದನ್ನು ಹೇಳಿರಲಿಲ್ಲ. ನನಗೆ ಹ್ಯಾಂಡಲ್ ಕೊಟ್ಟಿರಿ. “ಗುರುವಾರಕ್ಕೊಮ್ಮೆ ತಿರುಗಿಸಿ ಬರ್ರಿ. ನಿಂತ್ರ ಎಂಜಿನ್ ಹಿಡ್ಕೊಂತೈತಿ.”

ಎರಡು ಗುರುವಾರ ಸರಿಯಾಗಿಯೇ ಹೋದೆ. ಮೂರನೆಯದರಲ್ಲಿ —

ಬಾಯಿತಪ್ಪಿ ಬಂತು ಎಂದು ಬರೆಯಬಹುದು. ಮೂರು ವರ್ಷ ನನಗೆ ನಾನೇ ಹಾಗೆ ಹೇಳಿಕೊಂಡೆ. ಆದರೆ ಬಾಯಿತಪ್ಪಿ ಬಂದದ್ದಲ್ಲ ಬಸಣ್ಣ. ಐರೋಲಿಯಿಂದ ಘಣಸೋಲಿಯವರೆಗೆ, ರೈಲಿನ ಕಿಟಕಿಯ ಪಕ್ಕ ಕೂತು, ಆ ಮಾತನ್ನು ಮರಾಠಿಯಲ್ಲಿ ಜೋಡಿಸಿಕೊಂಡೆ. ತಪ್ಪಿಲ್ಲದೆ ಹೇಳಬೇಕೆಂದು ಎರಡು ಸಲ ಮನಸ್ಸಿನಲ್ಲೇ ಒಪ್ಪಿಸಿಯೂ ನೋಡಿದೆ. ಕಚೇರಿಯಲ್ಲಿ ಸಾಹೇಬರ ಮುಂದೆ ಹೋಗುವಾಗ ಹಾಗೆ ಮಾಡುವುದು ನನ್ನ ಅಭ್ಯಾಸ.

ನಾನು ಹ್ಯಾಂಡಲ್ ತಿರುಗಿಸುವಾಗ ಅಜ್ಜಿ ಹೊಸ್ತಿಲಲ್ಲಿ ಕೂತು, ಬಸಪ್ಪ — ನಿಮ್ಮನ್ನು ಆಕೆ ಕರೆಯುತ್ತಿದ್ದುದು ಹಾಗೆ — ಯಾವಾಗ ಬರುತ್ತಾನೆ, ಗಾಡಿಗೆ ಯಾವ ಬಣ್ಣ ಹಚ್ಚುತ್ತಾನೆ ಎಂದು ಕೇಳಿದಳು. ನಾನು ಕೈ ಒರೆಸಿಕೊಂಡು ಹೇಳಿದೆ.

“ತೋಡೂನ್ ವಿಕಣಾರ್, ಆಜೀ. ಕಾರ್ಬೊರೇಟರ್ ಆಧೀಚ್ ನೇಲಾ, ಬಘಾ ನಾ.”

ಅವನು ಒಡೆದು ಮಾರುತ್ತಾನೆ ಅಜ್ಜಿ, ಕಾರ್ಬೊರೇಟರನ್ನು ಆಗಲೇ ಒಯ್ದಿದ್ದಾನೆ ನೋಡಿ ಎಂದು. ಬಾನೆಟ್ ತೆರೆದೇ ಇತ್ತು. ಅಜ್ಜಿ ಎದ್ದು ಬಂದು ಬಗ್ಗಿ ನೋಡಿದಳು. ಅಲ್ಲಿ ಖಾಲಿ ಜಾಗವಿತ್ತು. ಆಕೆ ಸೆರಗಿನ ತುದಿಯಿಂದ ಆ ಜಾಗದ ಧೂಳು ಒರೆಸಿದಳು. ಮುಂದಿನ ಗುರುವಾರ ಗಾಡಿಯನ್ನು ನನ್ನ ಹೆಸರಿಗೆ ಬರೆದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದಳು.

ನೀವು ಊರಿಂದ ಬಂದಾಗ ನಾನೇ ಸ್ಟೇಷನ್ನಿಗೆ ಬಂದೆ, ನೆನಪಿದೆಯೇ? ಅಜ್ಜಿ ಮನಸ್ಸು ಬದಲಿಸಿದಳು, ನಿಮಗೆ ಕೊಡಲಾರೆ ಎಂದಳು, ನಾನು ಬೇಡವೆಂದಿದ್ದರೆ ಯಾರೋ ಪರರ ಪಾಲಾಗುತ್ತಿತ್ತು ಎಂದೆ. ನೀವು ಕೆಳಗಿಟ್ಟಿದ್ದ ಚೀಲವನ್ನು ಹೆಗಲಿಗೇರಿಸಿದಿರಿ. ಆಮೇಲೆ, “ಹೋಗ್ಲಿ ಬಿಡ್ರಿ, ನಮ್ಮವರ ಕೈಗೇ ಬಂತಲ್ಲ” ಎಂದಿರಿ. ಪ್ಲಾಟ್‌ಫಾರ್ಮಿನ ತುದಿ ಮುಟ್ಟುವಾಗ ಮತ್ತೆ ನಿಂತಿರಿ. “ಖರೇ ಹೇಳ್ತೀನ್ರಿ, ಮುದುಕಿ ನನಗ ಮೋಸ ಮಾಡಿದಳು. ಇನ್ನ ಆಕಿ ಮನಿ ಮೆಟ್ಟಲ ಹತ್ತಂಗಿಲ್ಲ.” ನೀವು ಹತ್ತುವುದಿಲ್ಲವೆಂದು ನನಗೆ ಗೊತ್ತಿತ್ತು. ನಿಮ್ಮ ಸ್ವಾಭಿಮಾನವನ್ನೂ ಲೆಕ್ಕಕ್ಕೆ ಹಿಡಿದೇ ಆ ಸುಳ್ಳು ಹೇಳಿದ್ದೆ.

ಆಮೇಲಿನದು ಬರೆಯುವುದು ಇನ್ನೂ ಕಷ್ಟ. ಎಂಟು ತಿಂಗಳು ನೀವು ನನ್ನ ಗಾಡಿ ಕಟ್ಟಿದಿರಿ. ಮೊದಲ ದಿನವೇ ಆ ಬಿಳಿ ಬಟ್ಟೆಯ ಗಂಟು ತಂದು ಬಿಚ್ಚಿದಿರಿ. ಒಳಗೆ ಕಾರ್ಬೊರೇಟರ್ ಹೊಸ ಪಾತ್ರೆಯ ಹಾಗೆ ಹೊಳೆಯುತ್ತಿತ್ತು. ನಿಮ್ಮ ಕೈಯಿಂದಲೇ ಅದನ್ನು ಅದರ ಜಾಗದಲ್ಲಿ ಕೂರಿಸಿದಿರಿ. ನಾನು ಟಾರ್ಚು ಹಿಡಿದು ನಿಂತಿದ್ದೆ.

ಸುಖಪಟ್ಟೆನೇ? ಪಟ್ಟೆ. ಅದನ್ನೂ ಒಪ್ಪಿಕೊಳ್ಳಬೇಕು. ನಿವೃತ್ತಿಯಾದ ಮೇಲೆ ಅಷ್ಟು ಸುಖ ನಾನು ಬೇರೆಲ್ಲೂ ಕಂಡಿಲ್ಲ. ಬೆಳಗಿನ ಬಿಸಿಲಿನಲ್ಲಿ ಪಾಮ್ ಬೀಚ್ ರಸ್ತೆಯಲ್ಲಿ ಕಿಟಕಿ ಇಳಿಸಿ ಹೋಗುವಾಗ, ಪಕ್ಕದಲ್ಲಿ ನೀವು ಎಂಜಿನಿನ ಸದ್ದಿಗೆ ಕಿವಿಗೊಟ್ಟು ತಲೆದೂಗುವಾಗ, ಪಾಪ ಮಾಡಿದ್ದೇನೆಂಬುದೇ ಮರೆತುಹೋಗುತ್ತಿತ್ತು. ‘ನಿಮ್ಮ ಮೈಗಿಂತ ಆ ಗಾಡಿಗೇ ಹೆಚ್ಚು ನೀರು ಹಾಕ್ತೀರಿ ಮಾರಾಯ್ರೆ’ ಎಂದು ನನ್ನ ಹೆಂಡತಿ ನಗುತ್ತಿದ್ದಳು. ಸೀವುಡ್ಸ್‌ನಲ್ಲಿ ಈಗ ಯಾರೂ ನನ್ನನ್ನು ಆ ಪ್ರಶ್ನೆ ಕೇಳುತ್ತಿರಲಿಲ್ಲ.

ದಸರೆಯ ದಿನ ಮಾತ್ರ — ಗಾಡಿಗೆ ಚೆಂಡುಹೂವಿನ ಹಾರ ಹಾಕಿ ಘಣಸೋಲಿಗೆ ಹೋಗುವಾಗ ನೀವು ಗಲ್ಲಿಯ ತಿರುವಿನಲ್ಲೇ ಇಳಿದುಬಿಡುತ್ತಿದ್ದಿರಿ, ರಿಕ್ಷಾ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದಿರಿ. ಅಜ್ಜಿ ಬಾನೆಟ್ಟಿಗೆ ಕುಂಕುಮ ಹಚ್ಚುತ್ತ ಕೇಳುತ್ತಿದ್ದಳು, ಆ ಗುಜರಿಯವನು ಮತ್ತೆ ಬರಲಿಲ್ಲ ತಾನೇ ಎಂದು. ಇಲ್ಲ ಎನ್ನುತ್ತಿದ್ದೆ. ನೀವು ಐವತ್ತು ಹೆಜ್ಜೆ ದೂರದಲ್ಲಿದ್ದಿರಿ. ಆ ಐವತ್ತು ಹೆಜ್ಜೆಯನ್ನು ಇಬ್ಬರಲ್ಲಿ ಯಾರೂ ನಡೆಯದಿರಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ.

ಅಜ್ಜಿ ತೀರಿಕೊಂಡ ಸುದ್ದಿ ಬಂದಾಗ ನೀವು ನನಗೆ ಹೇಳದೆ ಹೋದಿರಿ. ಸತ್ತವರ ಮೇಲೆ ಸಿಟ್ಟು ಯಾಕೆ ಎಂದು ಹೂ ತೆಗೆದುಕೊಂಡು ಹೋದಿರಂತೆ. ಆಕೆಯ ಮೊಮ್ಮಗಳು ಬಾಗಿಲಲ್ಲೇ ತಡೆದು ಕೇಳಿದಳಂತೆ — “ತುಮ್ಹೀ ತೇ ಭಂಗಾರ್‌ವಾಲೇ ನಾ?” ಒಡೆದು ಮಾರುವ ಗುಜರಿಯವರು ನೀವೇ ಅಲ್ಲವೇ ಎಂದು. ಒಳಗೆ ಬಿಡಲಿಲ್ಲ.

ಆ ಭಾನುವಾರ ನೀವು ನನ್ನ ಮನೆಯ ಕೆಳಗೆ, ಗಾಡಿಯ ಪಕ್ಕ ನಿಂತು ಇದನ್ನೆಲ್ಲ ಹೇಳಿದಿರಿ. “ಮೂರು ವರ್ಷ ಆಕಿಗಿ ಬೈದೆ ರಾಯರ. ಪಾಪ, ಆಕಿಗೇ ಯಾರೋ ಮೋಸ ಮಾಡ್ಯಾರ.” ಆಮೇಲೆ ಬಾನೆಟ್ಟಿನ ಮೇಲೆ ಕೈ ಇಡಲು ಹೋಗಿ, ಇಡದೆ ಹಿಂದಕ್ಕೆ ತೆಗೆದುಕೊಂಡಿರಿ. ಯಾರು ಎಂದು ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಅಂದೂ ಸುಳ್ಳು ಹೇಳುತ್ತಿದ್ದೆನೋ ಏನೋ. ಅಂದಿನಿಂದ ನೀವು ಕೂಟಕ್ಕೆ ಬಂದಿಲ್ಲ, ನಾಲ್ಕು ಭಾನುವಾರವಾಯಿತು. ನಿಮಗೆ ಗೊತ್ತಾಗಿರಬೇಕು. ಹಾಗಿದ್ದರೆ ನಾನೀಗ ಹೇಳುತ್ತಿರುವುದು ದೊಡ್ಡ ಧೈರ್ಯವೇನೂ ಅಲ್ಲ.

ನಿನ್ನೆ ಘಣಸೋಲಿಗೆ ಹೋಗಿದ್ದೆ, ರೈಲಿನಲ್ಲಿ. ಈ ಸಲ ದಾರಿಯಲ್ಲಿ ಮಾತು ಜೋಡಿಸಿಕೊಳ್ಳಲಿಲ್ಲ. ಮೊಮ್ಮಗಳ ಮುಂದೆ ನಿಂತು, ಸುಳ್ಳು ಹೇಳಿದವನು ನಾನು, ಬಸಪ್ಪ ಆ ಕಾರ್ಬೊರೇಟರ್ ಒಯ್ದದ್ದು ತೊಳೆಯುವುದಕ್ಕೆ ಎಂದೆ. ಆ ಹುಡುಗಿ ನನ್ನನ್ನು ಬಯ್ಯಲಿಲ್ಲ. ಒಂದೇ ಮಾತು ಕೇಳಿದಳು.

“ಆತಾ ಆಜೀಲಾ ಕೋಣ್ ಸಾಂಗಣಾರ್?”

ಈಗ ಅಜ್ಜಿಗೆ ಯಾರು ಹೇಳುತ್ತಾರೆ. ಆಕೆ ನಿಮ್ಮನ್ನು ಗುಜರಿಯವನೆಂದು ತಿಳಿದೇ ಹೋದಳು. ಅದನ್ನು ಯಾವ ಕಾಗದವೂ ತಿದ್ದಲಾರದು.

ಗುರುವಾರ ಬೆಳಿಗ್ಗೆ ಗಾಡಿಯನ್ನು ವಿಠ್ಠಲವಾಡಿಗೆ ತಂದು ನಿಮ್ಮ ಗ್ಯಾರೇಜಿನ ಮುಂದೆ ನಿಲ್ಲಿಸುತ್ತೇನೆ. ಈ ಪತ್ರ, ಕೀಲಿ, ನಿಮ್ಮ ಹೆಸರಿಗೆ ನಾನು ಸಹಿ ಹಾಕಿದ ಕಾಗದ — ಮೂರನ್ನೂ ನಿಮ್ಮ ಕೈಗೇ ಕೊಟ್ಟು ಲೋಕಲ್ ಹಿಡಿಯುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ಕೇಳಿದರೆ ನೀವು ‘ಹೋಗ್ಲಿ ಬಿಡ್ರಿ’ ಎಂದುಬಿಡುತ್ತೀರಿ, ಅದನ್ನು ತಾಳುವ ಶಕ್ತಿ ನನಗಿಲ್ಲ. ಓಡಿಸಬೇಕೆನಿಸಿದರೆ ಓಡಿಸಿ. ಅದರ ಮುಖ ನೋಡಲೂ ಮನಸ್ಸು ಬಾರದಿದ್ದರೆ ಬಿಚ್ಚಿ, ಒಂದೊಂದೇ ಭಾಗ ಮಾರಿಬಿಡಿ.

ನೀವು ಹಾಗೆ ಒಡೆದು ಮಾರಿದರೂ, ಅಂದು ನಾನು ಅಜ್ಜಿಗೆ ಹೇಳಿದ್ದು ಸುಳ್ಳೇ ಬಸಣ್ಣ.