ಎಸ್ ಅಂದರೆ ಸುಬೇದಾರ್

ಹಳೆಯ ಸೈನಿಕ ಪದಕಗಳನ್ನು ಕೂಡಿಡುವ ಹವ್ಯಾಸ ನನಗಿದೆ ಎಂದ ಕೂಡಲೇ ಜನ ನನ್ನ ಯಜಮಾನರ ಕಡೆ ತಿರುಗುತ್ತಾರೆ. "ಸಾರ್ ಮಿಲಿಟ್ರಿಲಿದ್ರಾ?" ಅವರು ಭದ್ರಾವತಿಯ ಕಾರ್ಖಾನೆಯೊಂದರ ಸ್ಟೋರ್ಸ್‌ನಲ್ಲಿ ಕೂತು ನಿವೃತ್ತರಾದವರು. ಬಚ್ಚಲಲ್ಲಿ ಜಿರಲೆ ಕಂಡರೆ ನನ್ನನ್ನು ಕರೆಯುತ್ತಾರೆ. ಹೈಸ್ಕೂಲಿನಲ್ಲಿ ಇತಿಹಾಸ ಹೇಳಿಕೊಟ್ಟವಳು ನಾನು, ಗುಜರಿ ಅಂಗಡಿ ಸುತ್ತುವವಳೂ ನಾನೇ. ಆದರೂ ಬೀರುವಿನ ಪದಕಗಳನ್ನೆಲ್ಲ ನೋಡಿ ಮುಗಿಸಿದವರು ಅವರ ಕೈ ಕುಲುಕಿ ಹೋಗುತ್ತಾರೆ. ಅವರೂ ಬೇಡವೆನ್ನುವುದಿಲ್ಲ.

ಕಳೆದ ವರ್ಷ ದಸರೆಗೆ ಸ್ವಲ್ಪ ಮುಂಚೆ ಭದ್ರಾವತಿಯ ಗುಜರಿ ಅಂಗಡಿಯೊಂದರಲ್ಲಿ, ತುಕ್ಕು ಹಿಡಿದ ಬೀಗಗಳ ಡಬ್ಬದೊಳಗೆ ಒಂದು ಕಂಚಿನ ಪದಕ ಸಿಕ್ಕಿತು. "ಯಾವ್ದೋ ದೇವರ ಬಿಲ್ಲೆ ಅಮ್ಮಾ, ಪೂಜೆಗಿಟ್ಕೊಳ್ಳಿ" ಎಂದ ಅಂಗಡಿಯವನು. ಅದು ಮೊದಲ ಮಹಾಯುದ್ಧದ್ದು. ಒಂದು ಕಡೆ ಇಂಗ್ಲಿಷ್ ರಾಜನ ಮುಖ, ಇನ್ನೊಂದು ಕಡೆ ಕುದುರೆಯ ಮೇಲೆ ಮೈಮೇಲೆ ನೂಲಿಲ್ಲದ ಒಬ್ಬ ವೀರ.

ಯಜಮಾನರು ಕನ್ನಡಕ ಏರಿಸಿಕೊಂಡು ನೋಡಿದರು. "ಅಲ್ಲ ಮಾರಾಯ್ತಿ, ಅಷ್ಟ್ ದೊಡ್ಡ ರಾಜ, ಕುದುರೆ ಕೊಡ್ಸಿದಾನೆ. ಒಂದು ಚಡ್ಡಿ ಕೊಡ್ಸೋಕಾಗ್ಲಿಲ್ವಾ?"

ಇಂಥ ಪದಕಗಳ ಅಂಚಿನಲ್ಲಿ ಪಡೆದವನ ಹುದ್ದೆಯನ್ನೂ ಹೆಸರನ್ನೂ ಇಂಗ್ಲಿಷಿನಲ್ಲಿ ಅಚ್ಚೊತ್ತಿರುತ್ತಾರೆ. ಇದರ ಅಂಚಿಗೆ ಕೊಳೆ ಮೆತ್ತಿಕೊಂಡಿತ್ತು. ಮೊದಲಲ್ಲಿ ಒಂದು 'ಎಸ್', ಕೊನೆಯಲ್ಲಿ 'ಅಪ್ಪ' ಎಂಬಷ್ಟೇ ಕಾಣುತ್ತಿತ್ತು. ಪದಕದ ಮೇಲೆ ಕಟ್ಟಿದ ಕಪ್ಪನ್ನು ತೊಳೆಯುವುದು ನಮ್ಮಂಥವರ ಲೆಕ್ಕದಲ್ಲಿ ಮಹಾಪಾಪ. ಹಾಗಾಗಿ ಇದ್ದಂತೆಯೇ ಫೋಟೊ ತೆಗೆದು ನಿವೃತ್ತ ಶಿಕ್ಷಕರ ವಾಟ್ಸಾಪ್ ಗುಂಪಿಗೆ ಹಾಕಿದೆ.

ಆ ವಾರವೇ ಮಲವಗೊಪ್ಪದ ನಮ್ಮ ಮನೆಗೆ ಒಂದು ಕಾರು ಬಂತು. ಇಳಿದವರು ಜಿಲ್ಲಾಕೇಂದ್ರದ ಗಾಂಧಿ ಬಜಾರಿನ ಜವಳಿ ವ್ಯಾಪಾರಿ, ಒಂದು ಸಮಾಜದ ಸಂಘಕ್ಕೆ ಅಧ್ಯಕ್ಷರು. ಪದಕವನ್ನು ಬಟ್ಟೆಯ ಗುಣ ನೋಡುವಂತೆ ಬೆರಳಲ್ಲಿ ಉಜ್ಜಿ ನೋಡಿ, ಯಜಮಾನರಿಗೆ ಹೇಳಿದರು: "ಎಸ್ ಅಂದ್ರೆ ಸುಬೇದಾರ್ ಸಾರ್. ಹೆಸರು ಅಪ್ಪ ಅಂತ ಮುಗಿಯುತ್ತೆ. ಅನುಮಾನವೇ ಇಲ್ಲ, ನಮ್ಮೋರು."

"ಅಪ್ಪ ಅಂತ ಮುಗಿಯೋ ಹೆಸರು ಎಲ್ಲ ಜಾತಿಲೂ ಇದಾವಲ್ಲ" ಎಂದೆ ನಾನು.

"ಮೇಡಂ, ಕಾಫಿಗೆ ಸಕ್ಕರೆ ಕಮ್ಮಿ ಇರ್ಲಿ" ಎಂದರು ಅವರು.

ಅವರು ಹೋದ ಮೇಲೆ ಭದ್ರಾವತಿಯಿಂದ ಇನ್ನೊಂದು ಸಮಾಜದ ಅಧ್ಯಕ್ಷರು ಬಂದರು. ಪದಕ ಸಿಕ್ಕಿದ್ದು ಭದ್ರಾವತಿಯಲ್ಲಿ, ಆದ್ದರಿಂದ ಸುಬೇದಾರರು ತಮ್ಮವರು ಎಂಬುದು ಅವರ ವಾದ. ನಮ್ಮ ಮನೆ ಎರಡೂ ಊರಿನ ನಡುವೆ ಇರುವುದರಿಂದ ಇಬ್ಬರಿಗೂ ಅನುಕೂಲವಾಯಿತು. ಪೈಪೋಟಿಯಲ್ಲಿ ಗೆದ್ದವರು ಜವಳಿ ಅಧ್ಯಕ್ಷರೇ. ದಸರೆ ಕಳೆದ ಭಾನುವಾರಕ್ಕೆ ಸುಬೇದಾರರ ಸನ್ಮಾನಕ್ಕೆಂದು ತಮ್ಮೂರಿನ ದುರ್ಗಿಗುಡಿಯಲ್ಲಿ ಸಭಾಭವನ ಹಿಡಿದರು, ಅಡುಗೆಯವರಿಗೆ ಹೇಳಿದರು, ಫ್ಲೆಕ್ಸಿನ ಮಾದರಿಯನ್ನು ನಮಗೂ ಕಳಿಸಿದರು. 'ಸಮಾಜದ ಹೆಮ್ಮೆ, ವೀರ ಸುಬೇದಾರ್' ಎಂಬ ಅಕ್ಷರಗಳ ಕೆಳಗೆ, ಇಂಟರ್ನೆಟ್ಟಿನಲ್ಲಿ ಸಿಕ್ಕ ಯಾರದೋ ಗಿರಿಜಾ ಮೀಸೆ. ಅದರ ಸುತ್ತ ಪದಾಧಿಕಾರಿಗಳ ಮುಖಗಳು, ಮೀಸೆಗಿಂತ ದೊಡ್ಡವು.

ಆಯುಧಪೂಜೆಯ ಬೆಳಿಗ್ಗೆ ನಾನು ಹೂವು ತರಲು ಹೋಗಿದ್ದೆ. ಸ್ಕೂಟರ್ ತೊಳೆದ ಮೇಲೂ ಯಜಮಾನರ ಉತ್ಸಾಹ ಇಳಿದಿರಲಿಲ್ಲ. ಯುದ್ಧದ ಸಾಮಾನೂ ಆಯುಧವೇ ಎಂದುಕೊಂಡು, ನನ್ನ ಪದಕಗಳನ್ನೆಲ್ಲ ಹುಣಸೆಹಣ್ಣು ಹಾಕಿ ತಿಕ್ಕಿ, ಕುಂಕುಮ ಹಚ್ಚಿ ಸಾಲಾಗಿ ಇಟ್ಟಿದ್ದರು. ದೇವರ ಮನೆ ಝಗಝಗಿಸುತ್ತಿತ್ತು. ಇಷ್ಟು ವರ್ಷ ಜೋಪಾನ ಮಾಡಿದ ಕಪ್ಪೆಲ್ಲ ಮೋರಿಯಲ್ಲಿ ಹರಿದುಹೋಗಿತ್ತು. ನಾನು ಹೂವನ್ನು ಬಾಗಿಲಲ್ಲೇ ಇಟ್ಟು ಒಳಗೆ ಬಂದೆ.

"ಯಾಕೆ, ಚೆನ್ನಾಗಿ ಬಂದಿಲ್ವಾ?" ಎಂದರು.

ಬೈಯಲು ಬಾಯಿ ತೆರೆದವಳು ಕಂಚಿನ ಪದಕವನ್ನು ಎತ್ತಿಕೊಂಡೆ. ಅಂಚಿನ ಕೊಳೆ ಹೋಗಿತ್ತು. 'ಎಸ್' ಮುಂದಿನ ಅಕ್ಷರಗಳು ಒಂದೂ ಬಿಡದೆ ಎದ್ದಿದ್ದವು. ಸುಬೇದಾರ್ ಅಲ್ಲ, ಸ್ವೀಪರ್. ಸೈನ್ಯದ ಜೊತೆ ಕಸ ಗುಡಿಸಲು, ಪಾಯಿಖಾನೆ ತೊಳೆಯಲು ಹೋದವನು.

ಜವಳಿ ಅಧ್ಯಕ್ಷರಿಗೆ ಫೋನ್ ಮಾಡಿದೆ. ಹುದ್ದೆಯನ್ನು ಎರಡು ಸಲ ಓದಿಸಿಕೊಂಡರು. ಆಮೇಲೆ ದನಿ ಜೇನಾಯಿತು. "ಮೇಡಂ, ನಾವು ಸ್ವಾರ್ಥ ಮಾಡ್ಬಾರ್ದು. ಭದ್ರಾವತಿಯವ್ರು ಅಷ್ಟು ಪ್ರೀತಿಯಿಂದ ಕೇಳ್ತಿದ್ರು. ಅವರಿಗೇ ಇರ್ಲಿ."

ಭದ್ರಾವತಿಯವರಿಗೆ ತಿಳಿಸಿದೆ. "ಛೆ ಛೆ, ಅವರ ಹಾಲ್ ಬುಕ್ ಆಗಿದೆಯಲ್ಲ, ನಾವು ಮಧ್ಯೆ ಬರೋದು ಸರಿಯಲ್ಲ" ಎಂದರು. ಇಷ್ಟು ಔದಾರ್ಯವನ್ನು ನಾನು ಎರಡು ಊರಿನಲ್ಲೂ ಕಂಡಿರಲಿಲ್ಲ.

ಸಂಜೆ ಜವಳಿ ಅಧ್ಯಕ್ಷರು ತಾವೇ ಫೋನ್ ಮಾಡಿದರು. "ಮೇಡಂ, ಬೇರೆ ಯಾವ್ದಾದ್ರೂ ಇದ್ಯಾ? ಸ್ವಲ್ಪ ದೊಡ್ಡ ರ‍್ಯಾಂಕಿಂದು?"

ಇರಲಿಲ್ಲ. ಆದರೆ ಹಾಲ್ ಹಿಡಿದಾಗಿತ್ತು, ಚಿರೋಟಿಗೆ ಹೇಳಿಯಾಗಿತ್ತು. ಹಾಗಾಗಿ ಭಾನುವಾರ 'ಅಪರೂಪದ ಸೈನಿಕ ಪದಕಗಳ ಸಂರಕ್ಷಕ' ಎಂದು ನನ್ನ ಯಜಮಾನರಿಗೆ ಶಾಲು ಹೊದಿಸಿ, ಪೇಟ ತೊಡಿಸಿದರು. ಪದಕಗಳಿಗೆ ಹುಣಸೆಹಣ್ಣು ಹಾಕಿದವರಿಗೆ ಊರೆಲ್ಲ ಚಪ್ಪಾಳೆ! ಅವರು ನಾಚಿಕೆಯಿಂದಲೇ ಆದರೂ ಫೋಟೊಗೆ ನೆಟ್ಟಗೆ ನಿಂತರು.

"ಶ್ರೀಮತಿಯವರೂ ಎರಡು ಮಾತಾಡ್ಲಿ" ಎಂದು ಮೈಕು ಕೊಟ್ಟರು. ನನಗೆ ಭಾಷಣ ಬೇಕಿರಲಿಲ್ಲ. ವ್ಯಾನಿಟಿ ಬ್ಯಾಗಿನಿಂದ ಪದಕ ತೆಗೆದು, ಅಂಚಿನಲ್ಲಿದ್ದುದನ್ನು ಹುದ್ದೆ ಸಮೇತ ಓದಿದೆ. "ಈ ಪದಕದವರ ಸನ್ಮಾನಕ್ಕಂತಲೇ ಈ ಹಾಲ್ ಹಿಡಿದಿದ್ದು" ಎನ್ನುವಷ್ಟರಲ್ಲಿ ಅಧ್ಯಕ್ಷರು ಪಕ್ಕದ ಮೈಕಿಗೆ ಬಾಯಿಟ್ಟು, "ಎಲೆ ಹಾಕಿದೆ, ಎಲ್ರೂ ಊಟಕ್ಕೆ ಏಳ್ಬೇಕು" ಎಂದರು. ಸಭೆ ಎದ್ದಿತು.

ಊಟದ ಸಾಲಿನಲ್ಲಿ ನನ್ನ ಪಕ್ಕ ಒಬ್ಬ ಅಜ್ಜಿ ಕೂತರು. ಅಧ್ಯಕ್ಷರ ತಾಯಿಯಂತೆ. "ಕೊಡು ಇಲ್ಲಿ, ಅದೇನು ಓದ್ದೆ ನೋಡೋಣ" ಎಂದು ಪದಕವನ್ನು ಎಡಗೈಯಲ್ಲಿ ಇಸಕೊಂಡರು.

"ಯುದ್ಧ ಎಲ್ಲಿ ನಡೀತು?"

"ಸಮುದ್ರದಾಚೆ ಅಜ್ಜಿ."

"ಅಷ್ಟು ದೂರಕ್ಕೆ ಕಸ ಗುಡ್ಸೋಕೆ ಕರ್ಕೊಂಡ್ ಹೋದ್ರಾ? ಅವರವರ ಕಸ ಅವರವರು ಗುಡ್ಸೋಕಾಗ್ತಿರ್ಲಿಲ್ವಾ?" ಆಮೇಲೆ ನನ್ನ ಕಡೆ ಬಾಗಿ, "ವಾಪಸ್ ಬಂದ್ನಾ ಪುಣ್ಯಾತ್ಮ?" ಎಂದರು.

ಅಷ್ಟು ದಿನದಲ್ಲಿ ಆ ಮನುಷ್ಯನ ಬಗ್ಗೆ ಅದನ್ನು ಯಾರೂ ಕೇಳಿರಲಿಲ್ಲ, ನಾನೂ ಸೇರಿ.

"ಗೊತ್ತಿಲ್ಲ ಅಜ್ಜಿ. ಬಂದೋರಿಗೂ ಕೊಡ್ತಿದ್ರು, ಬರದೋರ ಮನೆಗೂ ಕಳಿಸ್ತಿದ್ರು."

ಅಜ್ಜಿ ಪದಕವನ್ನು ಎಲೆಯ ತುದಿಯಲ್ಲಿ, ಉಪ್ಪಿನ ಪಕ್ಕ ಇಟ್ಟುಕೊಂಡು ಊಟ ಮುಗಿಸಿದರು. ಬಡಿಸಲು ಬಂದ ಮಗ ಅದನ್ನು ನೋಡಿದರು, ತಾಯಿಯ ಮುಖ ನೋಡಿದರು. ಇನ್ನೊಂದು ಚಿರೋಟಿ ಬಡಿಸಿ ಮುಂದೆ ಹೋದರು.