ಬಚ್ಚಲಿನಿಂದ ಚಿಂಚಲಿಗೆ

ಅಪ್ಪ ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದರು. ಚಿಕ್ಕೋಡಿಯಿಂದ ರಾಯಬಾಗ, ಅಲ್ಲಿಂದ ಚಿಂಚಲಿ. ಬಹುಪಾಲು ನೌಕರಿ ಆ ಒಂದೇ ರಸ್ತೆಯಲ್ಲಿ ಕಳೆಯಿತು. ಎಪ್ಪತ್ತು ದಾಟಿದ ಮೇಲೆ ಮರೆವಿನ ಕಾಯಿಲೆ ಬಂತು. ಮೊದಲು ನನ್ನ ಹೆಸರು ಮರೆತರು, ಆಮೇಲೆ ಅವ್ವ ತೀರಿಕೊಂಡದ್ದನ್ನೂ ಮರೆತರು. ರಸ್ತೆಯ ಒಂದು ಸ್ಟಾಪನ್ನೂ ಮರೆಯಲಿಲ್ಲ.

ಒಂದು ದಿನ ಬಚ್ಚಲಲ್ಲಿ ಜಾರಿ ಬಿದ್ದು ಮೊಣಕೈ ಗಾಯ ಮಾಡಿಕೊಂಡರು. ಪಟ್ಟಿ ಕಟ್ಟಿದ ಡಾಕ್ಟರು ನನ್ನನ್ನೇ ಬೈದರು. "ಗುಳಿಗಿ ಆಮ್ಯಾಲ. ಮೊದಲ ಮನಿ ಸುಧಾರಿಸ್ರಿ. ಬಚ್ಚಲದಾಗ ಹಿಡಕೊಳ್ಳಾಕ ಸ್ಟೀಲಿನ ರಾಡ್ ಹಾಕಸ್ರಿ. ಮುಂಬಾಗಲಾ ಕಣ್ಣಿಗೆ ಕಾಣದಂಗ ಮಾಡ್ರಿ. ಕಂಡ್ರ ಎದ್ದು ಹೋಗೂ ಮನಸಾಕ್ಕೈತಿ."

ರಾಡ್ ಹಾಕಲು ನಿಪ್ಪಾಣಿಯಿಂದ ಒಬ್ಬ ಗೌಂಡಿ ಬಂದ. ಆರಡಿ ಆಸಾಮಿ. ತನ್ನ ಎತ್ತರಕ್ಕೇ ಅಳತೆ ಹಿಡಿದು, ಹೆಗಲಿಗಿಂತ ಮೇಲೆ, ಗೋಡೆಯುದ್ದಕ್ಕೂ ಅಡ್ಡ ಕೂರಿಸಿದ. ಅಪ್ಪ ಒಳಗೆ ಬಂದು ಮೇಲೆ ನೋಡಿದರು. ಕೈ ಚಾಚಿ ಗಟ್ಟಿಯಾಗಿ ಹಿಡಿದರು. ನಾನೂ ನನ್ನ ಹೆಂಡತಿಯೂ ಸಮಾಧಾನದಿಂದ ಮುಖ ನೋಡಿಕೊಂಡೆವು.

"ಒಳಗ ಸರೀರಿ, ಹಿಂದ ಜಾಗಾ ಐತಿ," ಎಂದರು ಅಪ್ಪ. ಗೌಂಡಿ ಅಲುಗಾಡದ್ದನ್ನು ಕಂಡು ಮುಂದೆ ಸರಿ ಎಂದು ಮರಾಠಿಯಲ್ಲೂ ಹೇಳಿದರು: "ಪುಢೇ ಸರ್ಕಾ!"

ಗೌಂಡಿ ಸಿಮೆಂಟಿನ ಬುಟ್ಟಿ ಅವುಚಿಕೊಂಡು ಗೋಡೆಗೆ ಅಂಟಿ ನಿಂತ.

"ಎಲ್ಲಿಗಿ?"

"ನಿಪ್ಪಾಣಿಗ್ರಿ," ಎಂದ ಪಾಪ.

"ತಪ್ಪ ಗಾಡಿ ಹತ್ತೀಯಲ್ಲೋ. ಇದು ಚಿಂಚಲಿ ಗಾಡಿ. ಇಳಿ!"

ಆತ ನಿಜಕ್ಕೂ ಇಳಿದ. ಉಳಿದ ಕೆಲಸ ಮುಗಿಸಲು ಅವನನ್ನು ಮತ್ತೆ ಒಳಗೆ ಕರೆತರಲು ಎರಡು ಕಪ್ ಚಹಾ ಬೇಕಾಯಿತು.

ಅಲ್ಲಿಯವರೆಗೆ ಅಪ್ಪನ ಸ್ನಾನವೆಂದರೆ ಯುದ್ಧವಾಗಿತ್ತು. ಈಗ ರಾಡ್ ಹಿಡಿದರೆ ಸಾಕು, ಎಷ್ಟು ನೀರು ಸುರಿದರೂ ಸುಮ್ಮನೆ ನಿಲ್ಲುತ್ತಿದ್ದರು. ತೊಂದರೆ ಶುರುವಾಗಿದ್ದು ಸ್ನಾನ ಮುಗಿದ ಮೇಲೆ.

"ಅಪ್ಪಾ, ಆತು, ಹೊರಗ ಬಾ."

"ಗಾಡಿ ನಡದೈತಿ. ನಡಿಯೂ ಗಾಡಿಯಿಂದ ಇಳಿದ್ರ ಹಲ್ಲ ಉದರತಾವ."

ನಾನು ಕೈ ಬಿಡಿಸಲು ಹೋಗಿ ಬೈಸಿಕೊಂಡೆ. ಚಳಿಯಲ್ಲಿ ಅಪ್ಪ ನಡುಗುತ್ತಿದ್ದರು. ಆಗ ನನ್ನ ಹೆಂಡತಿ ಟವೆಲ್ ಹಿಡಿದು ಬಾಗಿಲಲ್ಲಿ ನಿಂತು, ಗಾಡಿ ನಿಲ್ಲಿಸುವ ಕಂಡಕ್ಟರನಂತೆ ಜೋರಾಗಿ ಕೂಗಿದಳು: "ಹೋಲ್ಡಾನ್! ರಾಯಬಾಗ ಬಂತ್ರಿ ಮಾವಾರ!"

ಅಪ್ಪ ಅವಳನ್ನು ತಾತ್ಸಾರದಿಂದ ನೋಡಿದರು. "ಗಾಡಿ ಚಿಂಚಲಿ ಮಟಾ ಐತ್ರಿ ಬಾಯಿ."

ಅವಳು ಹತ್ತು ಎಣಿಸಿ ಮತ್ತೆ ಕೂಗಿದಳು: "ಹೋಲ್ಡಾನ್! ಚಿಂಚಲಿ! ಎಲ್ಲಾರೂ ಇಳಕೋರಿ!"

ಅಪ್ಪ ಕೈ ಬಿಟ್ಟರು. ಆದರೆ ತಕ್ಷಣ ಬರಲಿಲ್ಲ. ಪಕ್ಕಕ್ಕೆ ಸರಿದು, ಕಾಣದ ಜನರೆಲ್ಲ ಇಳಿಯುವವರೆಗೆ ಕಾದು, ಸೀಟುಗಳ ಕೆಳಗೆ ಯಾರದಾದರೂ ಚೀಲ ಉಳಿದಿದೆಯೇ ಎಂದು ಬಗ್ಗಿ ನೋಡಿ, ಕಡೆಗೆ ಹೊರಬಂದರು. ಮುಂದೆ ದಿನವೂ ಇದೇ ನಡೆಯಿತು. ವಾರದ ನಂತರ ಪಕ್ಕದ ಮನೆಯ ಅಜ್ಜಿ ಗೋಡೆಯಾಚೆಯಿಂದ ಕೇಳಿದರು: "ಏನವಾ, ದಿನಾ ಚಿಂಚಲಿ ಚಿಂಚಲಿ ಅಂತೀರಿ, ಅಲ್ಲಿನ ಮಾಯಕ್ಕದೇವಿಗಿ ಹರಕಿ ಹೊತ್ತೀರೇನ?"

ಇನ್ನು ಮುಂಬಾಗಿಲು. ಬೆಳಗಿನ ಐದೂವರೆಗೆ ಅಪ್ಪ "ಡ್ಯೂಟಿ ಐತಿ" ಎಂದು ಎದ್ದು ಹೊರಡುತ್ತಿದ್ದರು. ಒಮ್ಮೆ ಬಸ್ ಸ್ಟ್ಯಾಂಡಿನವರೆಗೂ ಹೋಗಿಬಿಟ್ಟಿದ್ದರು. ಹೆಂಡತಿ ಗೋಡೆಯ ಬಣ್ಣದ್ದೇ ಬಟ್ಟೆ ತಂದು, ಬಾಗಿಲು ಪೂರ್ತಿ ಮುಚ್ಚುವಂತೆ ಪರದೆ ಹೊಲಿದು ಹಾಕಿದಳು. ಮರುದಿನ ಅಪ್ಪ ಪರದೆಯವರೆಗೆ ಬಂದು, ನಿಂತು, ಹಿಂದಿರುಗಿ ಮಲಗಿದರು. ಹಾಗೆ ಹದಿನೈದು ದಿನ ಹೋಯಿತು. ನಾವು ಗೆದ್ದೆವು ಎಂದುಕೊಂಡೆವು.

ಅಷ್ಟರಲ್ಲಿ ಅಥಣಿಯಿಂದ ಸೋದರಮಾವ ಅಪ್ಪನನ್ನು ನೋಡಲು ಬಂದರು. ಊಟ ಮಾಡಿ, ಹರಟೆ ಹೊಡೆದು, ಹೊರಡಲು ಎದ್ದರು. ನಾವಿಬ್ಬರೂ ಅಡುಗೆಮನೆಯಲ್ಲಿ ಅವರಿಗೆ ಬುತ್ತಿ ಕಟ್ಟುತ್ತಿದ್ದೆವು. ಮಾವ ಒಂದು ಬಾಗಿಲು ತೆಗೆದರು, ದೇವರಕೋಣೆ. ಇನ್ನೊಂದು ತೆಗೆದರು, ಜೋಳದ ಚೀಲಗಳು. ಕೇಳಲು ನಾಚಿಕೆಯಾಗಿ ಪಡಸಾಲೆಯ ನಡುವೆ ತಿರುಗುತ್ತಿದ್ದರಂತೆ. ಆಗ ಅಪ್ಪನ ದನಿ ಕೇಳಿಸಿತು: "ಇಳಿಯೂದು ಈ ಕಡೆ ಐತ್ರಿ."

ನಾವು ಓಡಿಬಂದಾಗ ಅಪ್ಪ ಪರದೆ ಸರಿಸಿ, ಅಗುಳಿ ತೆಗೆದು, ಮಾವನ ತೋಳು ಹಿಡಿದು ಮೆಟ್ಟಿಲು ಇಳಿಸುತ್ತಿದ್ದರು. ಹೆಂಡತಿ ಮಾವನ ಕೈಗೆ ಬುತ್ತಿ ಕೊಟ್ಟು ಅಡುಗೆಮನೆಗೆ ಮರಳಿದಳು. ಆಮೇಲೆ ಅಪ್ಪ ಒಳಗೆ ಬಂದು ಅಗುಳಿ ಹಾಕಿ, ಪರದೆಯ ನೆರಿಗೆ ಸರಿಮಾಡಿ, ಕುರ್ಚಿಯಲ್ಲಿ ಕುಳಿತರು.

"ಅಪ್ಪಾ, ಬಾಗಲಾ ಎಲ್ಲೈತಿ ಅಂತ ನಿನಗ ಗೊತ್ತಿತ್ತೇನು?"

"ಬಾಗಲಾ ಗೊತ್ತಿಲ್ಲದಾಂವ ಕಂಡಕ್ಟರಕಿ ಹೆಂಗ ಮಾಡ್ಯಾನು?"

"ಮತ್ತ ದಿನಾ ಮುಂಜಾನೆ ಯಾಕ ಹೊಳ್ಳಿ ಹೋಗ್ತಿದ್ದಿ?"

ಅಪ್ಪ ಅಡುಗೆಮನೆಯ ಕಡೆ ಕಣ್ಣು ಮಾಡಿ ದನಿ ತಗ್ಗಿಸಿದರು. "ಆ ಹೆಣ್ಣಮಗಳು ಯಾರೋ ಏನೋ. ಅಷ್ಟ ಕಷ್ಟಪಟ್ಟ ಪರದೆ ಹಾಕ್ಯಾಳ. ಸರಿಸಿದ್ರ ಬ್ಯಾಸರ ಮಾಡಕೋತಾಳಂತ ಸುಮ್ಮನಿದ್ದೆ."

ಹೆಂಡತಿಗೆ ಇದನ್ನು ಹೇಳಿದೆ. ನಗಲು ಶುರುಮಾಡಿದವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಮರುದಿನ ತಾನೇ ಪರದೆ ತೆಗೆದಳು. ಬದಲಿಗೆ ಅಗುಳಿಗೆ ಬೀಗ ಬಂತು, ಬೀಗದ ಕೈ ನನ್ನ ಹತ್ತಿರ ಇರುತ್ತದೆ. ಈಗ ಐದೂವರೆಗೆ ನಾನೇ ಚಪ್ಪಲಿ ಮೆಟ್ಟಿ ಅಪ್ಪನ ಜೊತೆ ಹೊರಡುತ್ತೇನೆ. ಸ್ಟ್ಯಾಂಡಿನ ಎದುರು ಚಹಾ ಕುಡಿದು ಬರುತ್ತೇವೆ.

ಮೊನ್ನೆ ಬರುವಾಗ ಅಪ್ಪ ಕೇಳಿದರು, "ನಿಂದು ಯಾವೂರು?"

"ಚಿಕ್ಕೋಡಿನ."

"ಹಂಗಾರ ನಮ್ಮೂರಾಂವನ ಅಂದಂಗಾತು," ಎಂದರು. ಎದುರಿನಿಂದ ಕಬ್ಬಿನ ಟ್ರ್ಯಾಕ್ಟರ್ ಬರುತ್ತಿತ್ತು. ಅಪ್ಪ ನನ್ನ ಕೈ ಹಿಡಿದು, ಅದು ಹೋಗುವವರೆಗೆ ನಿಲ್ಲಿಸಿ, ಎರಡೂ ಕಡೆ ನೋಡಿ, ನನ್ನನ್ನು ರಸ್ತೆ ದಾಟಿಸಿದರು.